ಎಚ್‌ಡಿ 650 ಮತ್ತು ಎಚ್‌ಇ-6: ಎರಡಕ್ಕೂ ಒಂದೇ ಆಂಪ್ ಆಗುತ್ತಾ?

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಸೆನ್‌ಹೈಸರ್ ಎಚ್‌ಡಿ 650 ಹೆಡ್‌ಫೋನ್ ಇದೆ. ಸದ್ಯ ಆಂಡ್ರಾಯ್ಡ್ ಫೋನಿಗೆ ಆಪಲ್‌ನ ಸಣ್ಣ ಡಾಂಗಲ್ (ಹೆಡ್‌ಫೋನ್ ಪಿನ್ ಹಾಕುವ ಪುಟ್ಟ ಅಡಾಪ್ಟರ್) ಸಿಕ್ಕಿಸಿ ಕೇಳುತ್ತೇನೆ. ವಾಲ್ಯೂಮ್ ಪೂರ್ತಿ ಇಟ್ಟರೂ ಹಳೆಯ ಹಿಂದೂಸ್ತಾನಿ ರೆಕಾರ್ಡಿಂಗ್‌ಗಳು ಮೆತ್ತಗೆ ಕೇಳುತ್ತವೆ. ಮುಂದಿನ ತಿಂಗಳು ಅಮೆರಿಕದಿಂದ ಭಾವ ಬರುತ್ತಾರೆ. ತಮ್ಮ ಹಳೆಯ ಹೈಫೈಮ್ಯಾನ್ ಎಚ್‌ಇ-6 ಹೆಡ್‌ಫೋನ್ ನನಗೇ ಕೊಡುತ್ತೇನೆ ಅಂದಿದ್ದಾರೆ, ಆದರೆ ಅದನ್ನು ಓಡಿಸುವ ಆಂಪ್ (ಆಂಪ್ಲಿಫೈಯರ್) ನೀನೇ ನೋಡಿಕೋ ಅಂತಲೂ ಸೇರಿಸಿದ್ದಾರೆ.

ಬಜೆಟ್ 25ರಿಂದ 30 ಸಾವಿರ. ಅಟ್ಟದ ಮೇಲೆ ಅಪ್ಪನ ಕಾಲದ ಸ್ಟೀರಿಯೋ ರಿಸೀವರ್ (ರೇಡಿಯೋ, ಸ್ಪೀಕರ್ ಆಂಪ್ ಎರಡೂ ಸೇರಿದ ಸೆಟ್) ಇದೆ, ಒಂದು ಕಡೆಗೆ 30 ವ್ಯಾಟ್‌ನದು. ಮುಂದುಗಡೆ ದಪ್ಪ ಪಿನ್ನಿನ ಹೆಡ್‌ಫೋನ್ ತೂತೂ ಇದೆ. ಅದೇ ಸಾಕು ಅಂತ ಒಬ್ಬರು ಹೇಳಿದರು. ವಾಲ್ವ್ (ಗಾಜಿನ ಟ್ಯೂಬ್) ಆಂಪ್ ತಗೋ ಅಂತ ಇನ್ನೊಬ್ಬರು. ಲಕ್ಷ ರೂಪಾಯಿ ಹಾಕದಿದ್ದರೆ ಎಚ್‌ಇ-6 ಮುಟ್ಟಲೇಬೇಡ ಅಂತ ಮೂರನೆಯವರು. ನನಗೆ ಅರ್ಥವಾಗದ್ದು ಇಷ್ಟೇ: ಓಮ್ (ಕರೆಂಟಿಗೆ ಹೆಡ್‌ಫೋನ್ ಒಡ್ಡುವ ತಡೆಯ ಅಳತೆ) ಜಾಸ್ತಿ ಇದ್ದರೆ ಓಡಿಸುವುದು ಕಷ್ಟ ಅಂತಾರೆ. ಎಚ್‌ಡಿ 650 ಇರುವುದು 300 ಓಮ್, ಎಚ್‌ಇ-6 ಬರೀ 50 ಓಮ್. ಹಾಗಾದರೆ ಎಚ್‌ಇ-6 ಸುಲಭ ಆಗಬೇಕಿತ್ತಲ್ವಾ?

ಮಲೆನಾಡು ಗಿಡ್ಡ, ಸಾಗರ

ಓಮ್ ಒಂದನ್ನೇ ಹಿಡಿದುಕೊಂಡು ಕೂತರೆ ಏನೂ ಗೊತ್ತಾಗುವುದಿಲ್ಲ ಮಾರಾಯ. ಅದರ ಪಕ್ಕದಲ್ಲೇ ಇನ್ನೊಂದು ಅಂಕಿ ಇರುತ್ತದೆ, ಸೆನ್ಸಿಟಿವಿಟಿ. ಎಷ್ಟು ತಿಂದು ಎಷ್ಟು ಕೂಗುತ್ತದೆ ಅನ್ನುವ ಲೆಕ್ಕ ಅದು. ಇದರಲ್ಲಿ ಒಂದು ಗೊಂದಲವೂ ಇದೆ. ಕೆಲವು ಕಂಪನಿಗಳು 1 ವೋಲ್ಟ್‌ಗೆ ಎಷ್ಟು ಡೆಸಿಬೆಲ್ ಅಂತ ಬರೆಯುತ್ತವೆ, ಇನ್ನು ಕೆಲವು 1 ಮಿಲಿವ್ಯಾಟ್‌ಗೆ ಎಷ್ಟು ಅಂತ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಲೆಕ್ಕ ಪೂರ್ತಿ ಹಾಳು.

ಎಚ್‌ಡಿ 650 ಗೆ 1 ವೋಲ್ಟ್ ಕೊಟ್ಟರೆ 103 ಡೆಸಿಬೆಲ್. ಎಚ್‌ಇ-6 ಗೆ 1 ಮಿಲಿವ್ಯಾಟ್ ಕೊಟ್ಟರೆ 83.5. ಸಂಗೀತದಲ್ಲಿ ಒಮ್ಮೊಮ್ಮೆ ಎದ್ದು ಬರುವ ಜೋರು ಪೆಟ್ಟುಗಳಿಗೆ 110 ಡೆಸಿಬೆಲ್ ಬೇಕು ಅಂತ ಇಟ್ಟುಕೊಳ್ಳಿ. ಯಾವಾಗಲೂ ಅಷ್ಟು ಜೋರಲ್ಲ, ಚಂಡೆಯ ಉರುಳಿಕೆ ಬಂದಾಗ ಒಂದು ಕ್ಷಣಕ್ಕೆ ಮಾತ್ರ. ಎಚ್‌ಡಿ 650 ಗೆ ಇನ್ನೂ 7 ಡೆಸಿಬೆಲ್ ಬೇಕು, ಅಂದರೆ ಸುಮಾರು 2.2 ವೋಲ್ಟ್. ಶಕ್ತಿ ಲೆಕ್ಕ ಹಾಕಿದರೆ 17 ಮಿಲಿವ್ಯಾಟ್ ಕೂಡ ಆಗುವುದಿಲ್ಲ.

ಎಚ್‌ಇ-6 ಗೆ 26.5 ಡೆಸಿಬೆಲ್ ಏರಬೇಕು. 10 ಡೆಸಿಬೆಲ್ ಏರಿದಾಗೆಲ್ಲ ಶಕ್ತಿ ಹತ್ತು ಪಟ್ಟು ಬೇಕು, ಹಾಗಾಗಿ ಅದು ಹತ್ತಿರಹತ್ತಿರ 450 ಮಿಲಿವ್ಯಾಟ್‌ಗೆ ಹೋಗಿ ನಿಲ್ಲುತ್ತದೆ. ವೋಲ್ಟೇಜ್ 4.7, ಕರೆಂಟ್ 95 ಮಿಲಿಆಂಪಿಯರ್. ಎಚ್‌ಡಿ 650 ಕೇಳುವುದು ಬರೀ 7 ಮಿಲಿಆಂಪಿಯರ್ ಚಿಲ್ಲರೆ. ಭಾವ ಹೆದರಿಸಿದ್ದು ಸುಮ್ನೆ ಅಲ್ಲ.

ಇನ್ನೊಂದು ವಿಷಯ. ಆಪಲ್ ಡಾಂಗಲ್ 1 ವೋಲ್ಟ್ ಕೊಡುತ್ತದೆ, ಯುರೋಪಿನ ಮಾದರಿ ಆದರೆ ಅದರ ಅರ್ಧ. ನಿಮ್ಮದು 1 ವೋಲ್ಟ್‌ನದ್ದೇ ಆಗಿದ್ದರೂ ಕೆಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಡಾಂಗಲ್ ಒಳಗಿನ ವಾಲ್ಯೂಮ್ ಪೂರ್ತಿ ತೆರೆಯುವುದೇ ಇಲ್ಲ. ಅದೇ ಡಾಂಗಲ್ಲನ್ನು ಲ್ಯಾಪ್‌ಟಾಪಿಗೆ ಹಾಕಿ ನೋಡಿ. ಅಲ್ಲಿ ಜೋರಾಗಿ ಕೇಳಿದರೆ ತೊಂದರೆ ಇರುವುದು ಫೋನಿನಲ್ಲಿ.

ಕಾಫಿ ಹೂವು, ಕೊಪ್ಪ

ಲೆಕ್ಕ ಎಲ್ಲ ಸರಿ ಗಿಡ್ಡಣ್ಣ, ಆದರೆ ಕಿವಿ ಕ್ಯಾಲ್ಕುಲೇಟರ್ ಅಲ್ಲ. ಬೆಂಗಳೂರಿನಲ್ಲಿ ಒಂದು ಅಂಗಡಿಯಲ್ಲಿ ಸೆನ್‌ಹೈಸರ್‌ನದೇ ಎಚ್‌ಡಿ 800 ಎಸ್ ಹೆಡ್‌ಫೋನ್ ಕೇಳಿದೆ, ಮೊದಲು ಸಣ್ಣ ಆಂಪ್‌ನಲ್ಲಿ, ಆಮೇಲೆ ದೊಡ್ಡದರಲ್ಲಿ. ದೊಡ್ಡದರಲ್ಲಿ ತಂಬೂರಿ ಎಲ್ಲಿ ಕೂತಿದೆ ಅಂತ ಬೆರಳು ಮಾಡಿ ತೋರಿಸುವ ಹಾಗಿತ್ತು. ಸಣ್ಣದರಲ್ಲಿ ಎಲ್ಲ ಒಂದೇ ಮುದ್ದೆ. ಎರಡರಲ್ಲೂ ಸೌಂಡು ಸಾಕಷ್ಟಿತ್ತು. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು?

ಮಲೆನಾಡು ಗಿಡ್ಡ, ಸಾಗರ

ಎರಡರಲ್ಲೂ ಸೌಂಡು ಒಂದೇ ಮಟ್ಟದಲ್ಲಿತ್ತು ಅಂತ ಮೀಟರ್ ಇಟ್ಟು ನೋಡಿದ್ದರಾ? ಒಂದು ಡೆಸಿಬೆಲ್ ಜಾಸ್ತಿ ಇದ್ದರೂ ಕಿವಿಗೆ ಅದು ಜೋರು ಅಂತ ಅನಿಸುವುದಿಲ್ಲ, ಚೆನ್ನಾಗಿದೆ ಅಂತ ಅನಿಸುತ್ತದೆ. ಅಂಗಡಿಯವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು.

ಕಾಫಿ ಹೂವು, ಕೊಪ್ಪ

ಮೀಟರ್ ಹಿಡಿದುಕೊಂಡು ಅಂಗಡಿಗೆ ಹೋದರೆ ಒಳಗೆ ಬಿಡುತ್ತಾರಾ? 😀

ತೀರ್ಥಹಳ್ಳಿ ಅಕ್ಕ

ಇಬ್ಬರೂ ಸ್ವಲ್ಪ ತಡೀರಿ. ರಿಸೀವರ್ ವಿಷಯ ಯಾರೂ ಮುಟ್ಟಲಿಲ್ಲ. ನನ್ನ ಪ್ರಕಾರ ಇಡೀ ಪ್ರಶ್ನೆಯಲ್ಲಿ ಮಜಾ ಇರುವುದೇ ಅಲ್ಲಿ.

ಹಳೆಯ ರಿಸೀವರ್‌ಗಳಲ್ಲಿ ಹೆಡ್‌ಫೋನಿಗೆ ಅಂತ ಬೇರೆ ಆಂಪ್ ಇರುತ್ತಿರಲಿಲ್ಲ. ಸ್ಪೀಕರಿಗೆ ಹೋಗುವ ಲೈನಿನಿಂದಲೇ ಒಂದು ರೆಸಿಸ್ಟರ್ ಹಾಕಿ ತೂತಿಗೆ ಕೊಟ್ಟುಬಿಡುತ್ತಿದ್ದರು. ಸಾಮಾನ್ಯವಾಗಿ ಕೆಲವು ನೂರು ಓಮ್ ಇರುತ್ತದೆ, 330 ಅಂತ ಇಟ್ಟುಕೊಳ್ಳಿ. ಈ ರೆಸಿಸ್ಟರೇ ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್ (ಆಂಪ್ ಕಡೆಯಿಂದಲೇ ಬರುವ ತಡೆ) ಆಗಿ ಕೂತುಬಿಡುತ್ತದೆ. ಇದರಿಂದ ಏನಾಗುತ್ತದೆ ಅನ್ನುವುದು ಯಾವ ಹೆಡ್‌ಫೋನ್ ಅನ್ನುವುದರ ಮೇಲೆ ನಿಂತಿದೆ.

ಎಚ್‌ಡಿ 650 ಯ 300 ಓಮ್ ಅನ್ನುವುದು ಹೆಸರಿಗೆ. ಬಾಸ್ ಕಡೆ, 100 ಹರ್ಟ್ಝ್ ಆಸುಪಾಸಿನಲ್ಲಿ, ಅದು 500 ಓಮ್‌ವರೆಗೂ ಏರುತ್ತದೆ. ಮುಂದೆ 330 ಓಮ್ ರೆಸಿಸ್ಟರ್ ಇದ್ದಾಗ ಓಮ್ ಜಾಸ್ತಿ ಇರುವ ಜಾಗಕ್ಕೆ ವೋಲ್ಟೇಜಿನ ಪಾಲೂ ಜಾಸ್ತಿ ಹೋಗುತ್ತದೆ. ಲೆಕ್ಕ ಹಾಕಿದರೆ ಬಾಸ್ ಸುಮಾರು 2 ಡೆಸಿಬೆಲ್ ಊದಿಕೊಳ್ಳುತ್ತದೆ. ತಬಲಾದ ಬಾಯಾ ಸ್ವಲ್ಪ ದಪ್ಪವಾಗಿ ಕೇಳುತ್ತದೆ. ಕೆಲವರಿಗೆ ಅದೇ ಇಷ್ಟ. ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ, ಆದರೆ ಹೆಡ್‌ಫೋನ್ ಮಾಡಿದವರು ಯೋಚಿಸಿದ ಸೌಂಡ್ ಅದಲ್ಲ.

ಎಚ್‌ಇ-6 ಪ್ಲೇನಾರ್. ತೆಳ್ಳನೆಯ ಹಾಳೆಯ ಮೇಲೆ ಸುರುಳಿ ಹರಡಿರುತ್ತದೆ, ಅದರ ಓಮ್ ಎಲ್ಲಾ ಫ್ರೀಕ್ವೆನ್ಸಿಯಲ್ಲೂ ಹತ್ತಿರಹತ್ತಿರ ಒಂದೇ. ಆದ್ದರಿಂದ ರೆಸಿಸ್ಟರ್ ಬಂದರೂ ಅದರ ಬಣ್ಣ ಬದಲಾಗುವುದಿಲ್ಲ, ಶಕ್ತಿ ಮಾತ್ರ ಸೋರಿಹೋಗುತ್ತದೆ. 30 ವ್ಯಾಟ್ ರಿಸೀವರ್ 8 ಓಮ್‌ಗೆ 15 ವೋಲ್ಟ್ ಚಿಲ್ಲರೆ ಕೊಡುತ್ತದೆ. ತೂತಿನಿಂದ ಎಚ್‌ಇ-6 ಗೆ ಅದರಲ್ಲಿ ತಲುಪುವುದು 2 ವೋಲ್ಟ್. 102, 103 ಡೆಸಿಬೆಲ್‌ಗೆ ಉಸಿರು ಕಟ್ಟುತ್ತದೆ. ಕೇಳಬಹುದು, ಆದರೆ ಜೋರು ಪೆಟ್ಟು ಬಂದಾಗ ತಲೆ ಚಪ್ಪಟೆ.

ಈಗ ಕೇಳಿ. ತೂತನ್ನು ಬಿಟ್ಟು ಅದೇ ರಿಸೀವರಿನ ಹಿಂದೆ ಇರುವ ಸ್ಪೀಕರ್ ಟರ್ಮಿನಲ್‌ಗೆ ಎಚ್‌ಇ-6 ಹಾಕಿದರೆ? ಅದೇ 15 ವೋಲ್ಟ್ ನೇರವಾಗಿ 50 ಓಮ್‌ಗೆ ಸಿಗುತ್ತದೆ, 4 ವ್ಯಾಟ್‌ಗೂ ಮೇಲೆ. ಬೇಕಾಗಿದ್ದು ಅರ್ಧ ವ್ಯಾಟ್. ಎಚ್‌ಇ-6 ಇರುವ ಜನ ಬಹಳ ಹಿಂದಿನಿಂದಲೂ ಸ್ಪೀಕರ್ ಆಂಪ್‌ಗೆ ಹಾಕಿ ಕೇಳುತ್ತಾ ಬಂದಿದ್ದಾರೆ, ಇದೇನೂ ಹೊಸ ಕಸರತ್ತಲ್ಲ. ಲಕ್ಷ ರೂಪಾಯಿಯ ಆಂಪ್ ನಿಮ್ಮ ಅಟ್ಟದಲ್ಲೇ ಇರಬಹುದು.

ತುಂಗಾತೀರ, ಶಿವಮೊಗ್ಗ

ಅಕ್ಕಾ, ನೀವು ಹೇಳಿದ್ದು ಓದಿ ಈಗಲೇ ಅಟ್ಟ ಹತ್ತಿ ಇಳಿಸಿದೆ. ಇಲಿ ಹಿಕ್ಕೆ, ಧೂಳು ಎಲ್ಲ ಇದೆ. ವೈರು ಸಿಕ್ಕಿಸಿ ಆನ್ ಮಾಡಲಾ?

ರೇಡಿಯೋ ಮಾಮ, ಶಿವಮೊಗ್ಗ

ಬೇಡ! ಮುಟ್ಟಬೇಡ ತಮ್ಮಾ!

ವರ್ಷಗಟ್ಟಲೆ ಸುಮ್ನೆ ಕೂತ ಸೆಟ್ಟಿಗೆ ಒಮ್ಮೆಲೇ 230 ವೋಲ್ಟ್ ಕೊಡಬಾರದು. ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಒಣಗಿರುತ್ತವೆ, ಇಲ್ಲವೇ ಸೋರಿರುತ್ತವೆ. ಮೊದಲು ಮುಚ್ಚಳ ತೆಗೆದು ಬ್ರಶ್‌ನಲ್ಲಿ ಚೊಕ್ಕ ಮಾಡಬೇಕು, ಇಲಿ ವೈರು ಕಡಿದಿದೆಯಾ ನೋಡಬೇಕು. ಆಮೇಲೆ ಸೀರೀಸ್ ಬಲ್ಬ್, ಅಂದರೆ ಕರೆಂಟ್ ಬರುವ ವೈರಿನ ನಡುವೆಯೇ ಒಂದು ಬಲ್ಬ್, ಹಾಕಿ ಆನ್ ಮಾಡಬೇಕು. ಹಳೆಯ ಕಾಲದ 60 ವ್ಯಾಟ್ ಫಿಲಮೆಂಟ್ ಬಲ್ಬ್, ಎಲ್‌ಇಡಿ ಆಗುವುದಿಲ್ಲ. ಬಲ್ಬ್ ಒಮ್ಮೆ ಹೊತ್ತಿ ಮಂಕಾದರೆ ಪರವಾಗಿಲ್ಲ. ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ಆಫ್ ಮಾಡು.

ಅಕ್ಕ ಹೇಳಿದ ಸ್ಪೀಕರ್ ಟರ್ಮಿನಲ್ ಉಪಾಯ ಸರಿ. ಆದರೆ ಹೆಡ್‌ಫೋನ್ ಹಾಕುವ ಮೊದಲು ಟರ್ಮಿನಲ್ ಮೇಲೆ ಮೀಟರ್ ಇಟ್ಟು ಡಿಸಿ (ಅಲ್ಲಿ ಇರಬಾರದ ಬ್ಯಾಟರಿ ಥರದ ನೇರ ವೋಲ್ಟೇಜ್) ನೋಡಲೇಬೇಕು. ಹಾಡು ಇಲ್ಲದೆ, ವಾಲ್ಯೂಮ್ ಪೂರ್ತಿ ಕೆಳಗೆ. 50 ಮಿಲಿವೋಲ್ಟ್ ಒಳಗೆ ಇದ್ದರೆ ಸಮಾಧಾನ. ಒಂದೆರಡು ವೋಲ್ಟ್ ತೋರಿಸಿದರೆ ಆ ಕಡೆಯ ಟ್ರಾನ್ಸಿಸ್ಟರೋ ಇನ್ನೇನೋ ಕೆಟ್ಟಿದೆ ಅಂತ ಅರ್ಥ. ದಪ್ಪ ಸ್ಪೀಕರ್ ಅದನ್ನು ಸ್ವಲ್ಪ ಹೊತ್ತು ತಡೆದುಕೊಳ್ಳಬಹುದು. ನಿನ್ನ ಭಾವನ ಹೆಡ್‌ಫೋನಿನ ತೆಳು ಹಾಳೆಗೆ ಅದು ಒಳ್ಳೆಯದಲ್ಲ.

ಗಾಂಧಿ ಬಜಾರ್ ಕಡೆ ಬರುವುದಾದರೆ ತಂದು ತೋರಿಸು. ಫೀಸು ಬೇಡ, ಹಳೆಯ ಸೆಟ್ ನೋಡಿ ಬಹಳ ದಿನ ಆಯಿತು.

ತುಂಗಾತೀರ, ಶಿವಮೊಗ್ಗ

ಖಂಡಿತ ತರುತ್ತೇನೆ ಮಾಮ. ಮೆಸೇಜ್ ಹಾಕಿದ್ದೇನೆ. ಹಾಗೇ ಕೇಳುತ್ತೇನೆ, ವಾಲ್ವ್ ಬಗ್ಗೆ ನಿಮ್ಮ ಅಭಿಪ್ರಾಯ ಏನು?

ರೇಡಿಯೋ ಮಾಮ, ಶಿವಮೊಗ್ಗ

ಅದೊಂದು ಕೇಳಬಾರದಿತ್ತು, ಈಗ ಉದ್ದ ಬರೆಯುತ್ತೇನೆ.

ನಮ್ಮ ಬೆಂಗಳೂರಿನ ಜಾಲಹಳ್ಳಿಯಲ್ಲಿ ಬಿಇಎಲ್‌ನವರು ವಾಲ್ವ್ ಮಾಡುತ್ತಿದ್ದರು. ಅವರ ಇಸಿಸಿ 83 ಅನ್ನುವ ವಾಲ್ವನ್ನು ಈಗಲೂ ಗಿಟಾರ್ ಆಂಪ್ ಇಟ್ಟುಕೊಂಡವರು ಹುಡುಕಿಕೊಂಡು ಬರುತ್ತಾರೆ. ನಾನು ಕೆಲಸ ಕಲಿತಿದ್ದೇ ಅದರ ಮೇಲೆ, ಹಾಗಾಗಿ ನನಗೆ ವಾಲ್ವ್ ಅಂದರೆ ಪ್ರೀತಿ ಜಾಸ್ತಿ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹೆಡ್‌ಫೋನಿಗೆ ಬರುವ ವಾಲ್ವ್ ಆಂಪ್‌ಗಳಲ್ಲಿ ಒಂದು ಜಾತಿ ಇದೆ, ಒಟಿಎಲ್ ಅಂತ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ್ದು. ಬಾಟಲ್‌ಹೆಡ್ ಕ್ರ್ಯಾಕ್ ಅನ್ನುವ ಕಿಟ್ ಹೆಸರುವಾಸಿ, 12ಎಯು7 ಮತ್ತು 6080 ಅನ್ನುವ ವಾಲ್ವ್ ಹಾಕಿ ಮಾಡುವುದು. ಇದರ ಔಟ್‌ಪುಟ್ ಇಂಪೀಡೆನ್ಸ್ 120 ಓಮ್ ಆಸುಪಾಸು. ಇಂಥವು ವೋಲ್ಟೇಜ್ ಧಾರಾಳ ಕೊಡುತ್ತವೆ, ಕರೆಂಟ್ ಕೊಡುವುದರಲ್ಲಿ ಜಿಪುಣ. ಅದಕ್ಕೇ ಎಚ್‌ಡಿ 600, ಎಚ್‌ಡಿ 650, 600 ಓಮ್‌ನ ಬೇಯರ್‌ಡೈನಾಮಿಕ್ ಡಿಟಿ 880, ಇವಕ್ಕೆ ಹೇಳಿ ಮಾಡಿಸಿದ ಜೋಡಿ. ಆ ಡಿಟಿ 880 ನೋಡು, 110 ಡೆಸಿಬೆಲ್‌ಗೆ ಹೆಚ್ಚೂಕಮ್ಮಿ 4 ವೋಲ್ಟ್ ಬೇಕು, ಕರೆಂಟ್ ಮಾತ್ರ 6, 7 ಮಿಲಿಆಂಪಿಯರ್. ವಾಲ್ವ್‌ಗೆ ಅದು ಊಟದ ಮೇಲಿನ ಎಲೆಅಡಿಕೆ ಇದ್ದ ಹಾಗೆ.

ನಿನ್ನ ಎಚ್‌ಇ-6 ಅನ್ನು ಒಟಿಎಲ್‌ಗೆ ಹಾಕಿದೆಯೋ, ಕಥೆ ಮುಗಿಯಿತು. 120 ಓಮ್ ಮುಂದೆ 50 ಓಮ್ ಕೂತರೆ ಬರುವ ವೋಲ್ಟೇಜಿನಲ್ಲಿ ಮುಕ್ಕಾಲು ಪಾಲಿನ ಹತ್ತಿರ ಆಂಪ್ ಒಳಗೇ ಉಳಿಯುತ್ತದೆ, ಮೇಲಿಂದ 95 ಮಿಲಿಆಂಪಿಯರ್ ಬೇರೆ ಕೊಡಬೇಕು. ಅದರ ಕೈಲಿ ಆಗುವುದಿಲ್ಲ.

ಇನ್ನೊಂದು. 6080 ಯ ಹೀಟರ್ ಒಂದೇ 6.3 ವೋಲ್ಟ್‌ನಲ್ಲಿ 2.5 ಆಂಪಿಯರ್ ಎಳೆಯುತ್ತದೆ. ಸುಮಾರು 16 ವ್ಯಾಟ್ ಬರೀ ಬಿಸಿಗೆ. ಆಷಾಢದಲ್ಲಿ ನಮ್ಮ ಬೆಕ್ಕು ಆಂಪ್ ಪಕ್ಕ ಬಿಟ್ಟು ಏಳುವುದಿಲ್ಲ. ಕಿಟ್ ಕಟ್ಟುವ ಆಸೆ ಇದ್ದರೆ ಒಂದು ಮಾತು: ಆಫ್ ಮಾಡಿದ ಮೇಲೂ ಕೆಪಾಸಿಟರ್‌ನಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರುತ್ತದೆ. ಗೊತ್ತಿದ್ದವರ ಜೊತೆ ಕೂತು ಕಟ್ಟು.

ಮಲೆನಾಡು ಗಿಡ್ಡ, ಸಾಗರ

ಮಾಮ ಹೇಳಿದ್ದು ಒಪ್ಪಿದೆ. ಅದಕ್ಕೆ ಒಂದು ಸಾಲು ಸೇರಿಸುತ್ತೇನೆ. ವಾಲ್ವ್ "ಬೆಚ್ಚಗಿನ ಸೌಂಡ್" ಅಂತಾರಲ್ಲ, ಎಚ್‌ಡಿ 650 ಗೆ 120 ಓಮ್ ಬಂದಾಗ ಬಾಸ್ 1 ಡೆಸಿಬೆಲ್ ಏರುತ್ತದೆ, ಅಕ್ಕ ಹೇಳಿದ ಲೆಕ್ಕವೇ. ಅದರ ಮೇಲೆ ವಾಲ್ವ್‌ನ ಸ್ವಲ್ಪ ಡಿಸ್ಟಾರ್ಷನ್ (ಮೂಲದಲ್ಲಿ ಇಲ್ಲದ ಬೆರಕೆ). ಮಂತ್ರ ಏನೂ ಇಲ್ಲ. ಇಷ್ಟ ಆದರೆ ಇಟ್ಟುಕೊಳ್ಳಿ, ಆದರೆ ಅದಕ್ಕೆ ವಿವರ ಜಾಸ್ತಿ ಅಂತ ಹೆಸರು ಕೊಡಬೇಡಿ.

2011ರಲ್ಲಿ ಎನ್‌ಡಬ್ಲ್ಯೂಎವಿಗೈ ಅನ್ನುವ ಗುಪ್ತ ಹೆಸರಿನಲ್ಲಿ ಒಬ್ಬ ಓ2 ಅನ್ನುವ ಆಂಪ್‌ನ ನಕ್ಷೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟ. ಸಾಧಾರಣ ಬಿಡಿಭಾಗ ಹಾಕಿ ಅಳತೆಯಲ್ಲಿ ದುಬಾರಿ ಆಂಪ್‌ಗಳ ಪಕ್ಕ ನಿಲ್ಲುವಂಥದ್ದು. ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್ ಹೆಡ್‌ಫೋನಿನ ಎಂಟನೇ ಒಂದು ಪಾಲಿಗಿಂತ ಜಾಸ್ತಿ ಇರಬಾರದು ಅನ್ನುವ ಸೂತ್ರವನ್ನು ಜನರ ತಲೆಗೆ ಹಾಕಿದ್ದೂ ಅವನೇ. ಎಚ್‌ಡಿ 650 ಗೆ 37 ಓಮ್ ಒಳಗೆ, 32 ಓಮ್‌ನದಕ್ಕೆ 4 ಓಮ್ ಒಳಗೆ. ಮರುವರ್ಷ ಆತ ಮಾಯವಾದ, ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಅವನು ಬಿಟ್ಟುಹೋದ ಜಾಗದಲ್ಲಿ ಈಗ ಜೆಡಿಎಸ್ ಲ್ಯಾಬ್ಸ್ ಆಟಮ್, ಶಿಟ್ ಮ್ಯಾಗ್ನಿ, ಟಾಪಿಂಗ್ ಎಲ್30 ಥರದ ಪುಟ್ಟ ಡಬ್ಬಿಗಳು ತುಂಬಿಕೊಂಡಿವೆ. ಎಚ್‌ಡಿ 650 ಗೆ ಇಂಥದ್ದು ಒಂದು ಸಾಕು. ಸಾಕು ಅಂದರೆ ನಿಜವಾಗಿಯೂ ಸಾಕು, ಮೇಲೆ ದುಡ್ಡು ಹಾಕಿದರೆ ಸಿಗುವುದು ಡಬ್ಬಿಯ ಚೆಂದ.

ಕಾಫಿ ಹೂವು, ಕೊಪ್ಪ

ಇಲ್ಲಿ ನಾನು ಒಪ್ಪುವುದಿಲ್ಲ. ಗಮಕ ವಾಚನದ ಒಂದು ರೆಕಾರ್ಡಿಂಗ್ ಇದೆ ನನ್ನ ಹತ್ತಿರ, ದನಿ ಒಂದೇ, ಹಿಮ್ಮೇಳ ಇಲ್ಲ. ವಾಲ್ವ್‌ನಲ್ಲಿ ಕೇಳಿದರೆ ವಾಚನ ಮಾಡುವವರು ಎದುರಿಗೆ ಕೂತ ಹಾಗೆ. ಟಾಪಿಂಗ್‌ನಲ್ಲಿ ಕೇಳಿದರೆ ಎಲ್ಲ ಸ್ವಚ್ಛ, ಆದರೆ ಕೂತ ಹಾಗೆ ಅನಿಸುವುದಿಲ್ಲ. ನೀವು ಅದನ್ನು 1 ಡೆಸಿಬೆಲ್ ಅನ್ನಿ, ಡಿಸ್ಟಾರ್ಷನ್ ಅನ್ನಿ. ನನಗೆ ಬೇಕಾಗಿದ್ದು ಅದೇ ಆದರೆ ನಾನು ಯಾಕೆ ಬೇಡ ಅನ್ನಲಿ?

ಮಲೆನಾಡು ಗಿಡ್ಡ, ಸಾಗರ

ಬೇಡ ಅನ್ನಬೇಡಿ. ತುಂಗಾತೀರ ಅವರಿಗೆ ಮೊದಲ ಆಂಪ್ ಅದೇ ಇರಲಿ ಅಂತ ಮಾತ್ರ ಹೇಳಬೇಡಿ.

ಆಗುಂಬೆ ಮಳೆ

ನಡುವೆ ಬಾಯಿ ಹಾಕುತ್ತೇನೆ. ಇಷ್ಟೆಲ್ಲ ಓಮ್ ಲೆಕ್ಕ ಹಾಕುವವರು ನಮ್ಮೂರಿನಲ್ಲಿ ಜುಲೈ ತಿಂಗಳು ಎಚ್‌ಡಿ 650 ಹಾಕಿಕೊಂಡು ಕೂತು ನೋಡಿ. ಓಪನ್ ಬ್ಯಾಕ್, ಹಿಂಬದಿ ತೆರೆದದ್ದು. ತಗಡಿನ ಮಾಡಿನ ಮೇಲೆ ಮಳೆ ಬೀಳುವಾಗ ಎಂಥ ಆಂಪ್ ಇದ್ದರೆ ಏನು, ಅರ್ಧ ಹಾಡು ಮಳೆಗೇ ಹೋಗುತ್ತದೆ. ಹಾಡಿನ ಮೆತ್ತಗಿನ ಜಾಗ ಪೂರ್ತಿ ಮುಳುಗುತ್ತದೆ. ಅದನ್ನು ಮೇಲೆ ತರಲು ವಾಲ್ಯೂಮ್ ಏರಿಸಿದರೆ ಜೋರು ಜಾಗ ಕಿವಿ ಹರಿಯುತ್ತದೆ. ಮಳೆಗಾಲಕ್ಕೆ ನಾನು ಬೇಯರ್‌ಡೈನಾಮಿಕ್ ಡಿಟಿ 770 ಇಟ್ಟುಕೊಂಡಿದ್ದೇನೆ, ಕ್ಲೋಸ್ಡ್ ಬ್ಯಾಕ್ (ಹಿಂಬದಿ ಮುಚ್ಚಿದ್ದು), 80 ಓಮ್‌ನದು. ದೊಡ್ಡ ಆಂಪ್ ಏನೂ ಬೇಡ ಅದಕ್ಕೆ.

ತೀರ್ಥಹಳ್ಳಿ ಅಕ್ಕ

ಇದು ಬಹಳ ಮುಖ್ಯ. ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ನಿಯೋಷ್ ಸಂಸ್ಥೆಯ ಲೆಕ್ಕದಲ್ಲಿ ಕಿವಿಗೆ 85 ಡೆಸಿಬೆಲ್ ಸದ್ದಿನ ಮಿತಿ ದಿನಕ್ಕೆ 8 ಗಂಟೆ, ಆಮೇಲೆ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧ. 88 ಆದರೆ 4 ಗಂಟೆ, 91 ಆದರೆ 2 ಗಂಟೆ. ಗಿಡ್ಡ ಅವರು ಹೇಳಿದ 110 ಅನ್ನುವುದು ಕ್ಷಣದ ಪೆಟ್ಟಿಗೆ ಮಾತ್ರ, ಅಷ್ಟು ಜೋರಾಗಿ ಹಾಡು ಕೇಳಿ ಅಂತ ಅಲ್ಲ. 4 ವ್ಯಾಟ್ ಕೊಡುವ ಸ್ಪೀಕರ್ ಟರ್ಮಿನಲ್‌ಗೆ ಹೆಡ್‌ಫೋನ್ ಹಾಕುವವರು ಇದನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು. ವಾಲ್ಯೂಮ್ ಪೂರ್ತಿ ಇಳಿಸಿ, ಆಮೇಲೆ ತಲೆಗೆ ಹಾಕಿಕೊಂಡು, ಆಮೇಲೆ ನಿಧಾನ ಏರಿಸಿ. ಮನೆಯಲ್ಲಿ ಮಕ್ಕಳಿದ್ದರೆ ಇನ್ನೂ ಹುಷಾರು.

ಅಡಿಕೆ ಸಿಪ್ಪೆ, ಹೊಸನಗರ

ಮಳೆ ಅಂದ ಮೇಲೆ ಬೂಷ್ಟು ನೆನಪಾಯಿತು. ಪ್ಯಾಡ್‌ಗಳಿಗೆ ಏನು ಮಾಡುತ್ತೀರಿ? ನನ್ನ ಒಂದು ಹೆಡ್‌ಫೋನಿನ ರೆಕ್ಸಿನ್ ಥರದ ಪ್ಯಾಡ್ ಒಂದೇ ಮಳೆಗಾಲದಲ್ಲಿ ಸಿಪ್ಪೆ ಸುಲಿಯಿತು. ಮೇಲಿಂದ ಬಿಳಿ ಬೂಷ್ಟು.

ಆಗುಂಬೆ ಮಳೆ

ವೆಲ್ವೆಟ್ ಥರದ ಬಟ್ಟೆ ಪ್ಯಾಡ್ ಹಾಕಿ, ಒಗೆಯಬಹುದು. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಬಣ್ಣ ಬದಲಾಗುವ ಜೆಲ್ ತಗೊಂಡರೆ ಬಾಣಲೆಯಲ್ಲಿ ಬಿಸಿ ಮಾಡಿ ಮತ್ತೆ ಬಳಸಬಹುದು. ಅಡಿಕೆ ಒಣಗಿಸುವ ಅಟ್ಟದ ಮೇಲೆ ಇಟ್ಟರೆ ಒಳ್ಳೆಯದು ಅಂತ ಒಬ್ಬರು ಹೇಳಿದರು, ದಯವಿಟ್ಟು ಬೇಡ, ಹೊಗೆ ವಾಸನೆ ಹೋಗುವುದಿಲ್ಲ.

ಸ್ಟ್ಯಾಕ್ಸ್ ಕಂಪನಿಯ ಎಲೆಕ್ಟ್ರೋಸ್ಟಾಟಿಕ್ (ಚಾರ್ಜ್ ಹಿಡಿದ ಹಾಳೆಯಿಂದ ಸೌಂಡ್ ಮಾಡುವ) ಹೆಡ್‌ಫೋನಿನ ಆಸೆ ಇರುವವರು ಯಾರಾದರೂ ಇದ್ದರೆ ನಮ್ಮ ಕಡೆ ಎರಡು ಸಲ ಯೋಚಿಸಿ. ಅದಕ್ಕೆ ಮಾಮೂಲಿ ಆಂಪ್ ಆಗುವುದೇ ಇಲ್ಲ, ಹಾಳೆಗೆ ಚಾರ್ಜ್ ತುಂಬಲು 580 ವೋಲ್ಟ್ ಬಯಾಸ್ ಕೊಡುವ ಅದರದ್ದೇ ಆಂಪ್, ಎನರ್ಜೈಸರ್ ಅಂತಾರೆ, ಬೇಕು. ತೇವಕ್ಕೆ ಆ ಚಾರ್ಜ್ ಸೋರಿ ಒಂದು ಕಡೆ ಸೌಂಡ್ ಬೀಳುತ್ತದೆ.

ಅಡಿಕೆ ಸಿಪ್ಪೆ, ಹೊಸನಗರ

ಒಳ್ಳೆಯದಾಯಿತು ಹೇಳಿದ್ದು. ಇನ್ನೊಂದು ಕೇಳುತ್ತೇನೆ. ಕರೆಂಟ್ ಹೋಗಿ ಯುಪಿಎಸ್ ಮೇಲೆ ಬಂದ ತಕ್ಷಣ ನನ್ನ ಆಂಪ್‌ನಲ್ಲಿ ಗುಂಯ್ ಅಂತ ಶುರುವಾಗುತ್ತದೆ. ಆಂಪ್ ಕೆಟ್ಟಿದೆಯಾ?

ರೇಡಿಯೋ ಮಾಮ, ಶಿವಮೊಗ್ಗ

ಆಂಪ್ ಚೆನ್ನಾಗಿದೆ. ನಿನ್ನ ಯುಪಿಎಸ್ ಸ್ಕ್ವೇರ್ ವೇವ್‌ನದು ಇರಬೇಕು. ಅದರ ಚೂಪು ಅಂಚುಗಳು ಟ್ರಾನ್ಸ್‌ಫಾರ್ಮರ್ ಮೂಲಕ ಒಳಗೆ ಬರುತ್ತವೆ. ಸೈನ್ ವೇವ್ ಯುಪಿಎಸ್ ಆದರೆ ಈ ಕಾಟ ಇಲ್ಲ. ಇಲ್ಲವಾದರೆ ಕರೆಂಟ್ ಹೋದಾಗ ಬ್ಯಾಟರಿ ಮೇಲೆ ನಡೆಯುವ ಆಂಪ್ ಬಳಸು. ಗಿಡ್ಡ ಹೇಳಿದ ಓ2 ಎರಡು 9 ವೋಲ್ಟ್ ಬ್ಯಾಟರಿ ಮೇಲೂ ನಡೆಯುತ್ತದೆ, ನಮ್ಮ ಕಡೆಗೆ ಹೇಳಿಮಾಡಿಸಿದ ಹಾಗಿದೆ.

ಕರೆಂಟ್ ಇದ್ದಾಗಲೂ ಗುಂಯ್ ಅಂದರೆ ಅರ್ತಿಂಗ್ ನೋಡಿಸು. ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಹಿಂದೆ ಅರ್ತ್ ವೈರೇ ಇರುವುದಿಲ್ಲ. ಲ್ಯಾಪ್‌ಟಾಪ್ ಮುಟ್ಟಿದರೆ ಜುಮ್ ಅನ್ನುವುದೂ ಅದಕ್ಕೇ. ಮತ್ತೆ ಏಪ್ರಿಲ್, ಮೇ ತಿಂಗಳ ಗುಡುಗಿಗೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪಿನ್ನೇ ಕಿತ್ತು ಇಡಬೇಕು. ಇಂಟರ್ನೆಟ್ ಕೇಬಲ್ಲನ್ನೂ.

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ಒಂದು ಸುದ್ದಿ. ರಿಸೀವರನ್ನು ಮಾಮನ ಹತ್ತಿರ ತೆಗೆದುಕೊಂಡು ಹೋಗಿದ್ದೆ. ಬಲ್ಬ್ ಒಮ್ಮೆ ಹೊತ್ತಿ ಮಂಕಾಯಿತು. ಎಡಗಡೆ ಡಿಸಿ ಸರಿ ಇತ್ತು, ಬಲಗಡೆ ಜಾಸ್ತಿ ತೋರಿಸಿತು. ಮಾಮ ಕೆಪಾಸಿಟರ್‌ಗಳನ್ನೂ ಒಂದು ಜೋಡಿ ಟ್ರಾನ್ಸಿಸ್ಟರನ್ನೂ ಬದಲಿಸಿದರು, ಈಗ ಎರಡೂ ಕಡೆ 50 ಮಿಲಿವೋಲ್ಟ್ ಒಳಗೆ ಇದೆ. ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತಿದ್ದುದು ಸ್ಪ್ರೇ ಹೊಡೆದ ಮೇಲೆ ನಿಂತಿತು. ಗಿಡ್ಡಣ್ಣ, ಡಾಂಗಲ್ ವಿಷಯ ನೀವು ಹೇಳಿದ್ದೇ ಸರಿ, ಲ್ಯಾಪ್‌ಟಾಪಿನಲ್ಲಿ ಎಚ್‌ಡಿ 650 ಜೋರಾಗೇ ಕೇಳುತ್ತದೆ.

ಈಗ ಪ್ರಶ್ನೆ ಬದಲಾಯಿತು. ಎಚ್‌ಇ-6 ಗೆ ರಿಸೀವರ್ ಇದ್ದರೆ, 30 ಸಾವಿರ ಯಾವುದಕ್ಕೆ? ಫಿಯೋ ಕೆ7 ಥರದ ಆಂಪ್ ಒಂದು ತಗೊಂಡರೆ ಎರಡು ಹೆಡ್‌ಫೋನಿಗೂ ಆಗುತ್ತದಲ್ವಾ? ಬ್ಯಾಲೆನ್ಸ್ಡ್ ತೂತಿನಲ್ಲಿ 32 ಓಮ್‌ಗೆ 2 ವ್ಯಾಟ್ ಅಂತ ಬರೆದಿದ್ದಾರೆ.

ಮಲೆನಾಡು ಗಿಡ್ಡ, ಸಾಗರ

ಆಗುತ್ತದೆ. 32 ಓಮ್‌ಗೆ 2 ವ್ಯಾಟ್ ಅಂದರೆ 8 ವೋಲ್ಟ್, 250 ಮಿಲಿಆಂಪಿಯರ್. ನಿಮಗೆ ಬೇಕಾಗಿದ್ದು 4.7 ವೋಲ್ಟ್, 95 ಮಿಲಿಆಂಪಿಯರ್. ಎರಡರಲ್ಲೂ ಜಾಗ ಉಳಿಯುತ್ತದೆ. ಬ್ಯಾಲೆನ್ಸ್ಡ್ ಅಂದರೆ ಸೌಂಡಿನ ಗುಣ ಬೇರೆ ಅಂತ ತಿಳಿಯಬೇಡಿ, ಎರಡು ಆಂಪ್ ಎದುರುಬದುರು ನಿಂತು ಎಳೆಯುವುದರಿಂದ ವೋಲ್ಟೇಜ್ ಎರಡು ಪಟ್ಟು ಸಿಗುತ್ತದೆ, ಅಷ್ಟೇ. ಎಚ್‌ಡಿ 650 ಗೆ ಅದರ ಅಗತ್ಯವೇ ಇಲ್ಲ. ಗೇನ್ (ಆಂಪ್ ಎಷ್ಟು ಪಟ್ಟು ಏರಿಸಬೇಕು ಅನ್ನುವ ಸ್ವಿಚ್) ಲೋನಲ್ಲೇ ಇಡಿ, ಹೈಗೆ ಹಾಕಿದರೆ ವಾಲ್ಯೂಮ್ ಗುಬ್ಬಿ ಮೊದಲ ಕಾಲು ಸುತ್ತಿನಲ್ಲೇ ಮುಗಿಯುತ್ತದೆ. ಅಲ್ಲಿ ಎಡ ಬಲ ಸಮ ಇರುವುದೂ ಕಮ್ಮಿ.

ಆದರೆ ರಿಸೀವರ್ ರಿಪೇರಿ ಆದಮೇಲೆ ನಾನಾಗಿದ್ದರೆ ಡಾಂಗಲ್ಲನ್ನು ರಿಸೀವರಿನ ಆಕ್ಸ್‌ಗೆ (ಹೊರಗಿನ ಹಾಡು ಒಳಗೆ ಕೊಡುವ ತೂತು) ಹಾಕಿ ಎಚ್‌ಇ-6 ಕೇಳುತ್ತಿದ್ದೆ, ಎಚ್‌ಡಿ 650 ಗೆ ಡಾಂಗಲ್ಲೇ ಅಥವಾ ಒಂದು ಆಟಮ್. ಉಳಿದ ದುಡ್ಡಿಗೆ ಮಳೆಗಾಲಕ್ಕೆ ಒಂದು ಕ್ಲೋಸ್ಡ್ ಬ್ಯಾಕ್.

ಕಾಫಿ ಹೂವು, ಕೊಪ್ಪ

ಅಥವಾ ಆ ದುಡ್ಡು ಕೂಡಿಟ್ಟು ಮಾಮನ ಜೊತೆ ಕೂತು ಒಂದು ಒಟಿಎಲ್ ಕಟ್ಟಿಬಿಡಿ 😀 ಎಚ್‌ಡಿ 650 ಅದಕ್ಕೇ ಹುಟ್ಟಿದ್ದು.

ರೇಡಿಯೋ ಮಾಮ, ಶಿವಮೊಗ್ಗ

ಕಟ್ಟೋಣ, ನನ್ನದೇನೂ ಅಡ್ಡಿ ಇಲ್ಲ. ಹಬ್ಬ ಮುಗಿಯಲಿ.

ನಿನಗೆ ವಾಲ್ವ್ ಆಂಪ್, ಮಾಮೂಲಿ ಆಂಪ್ ಎರಡನ್ನೂ ಹೋಲಿಸುವ ಆಸೆ ಇದ್ದರೆ ಒಂದು ದಾರಿ ಹೇಳುತ್ತೇನೆ. ಫೋನಿನಲ್ಲಿ 400 ಹರ್ಟ್ಝ್ ಟೋನ್ ಹಾಕು. ಹೆಡ್‌ಫೋನ್ ಸಿಕ್ಕಿಸಿಯೇ ಇರಲಿ, ಔಟ್‌ಪುಟ್ ಮೇಲೆ ಎಸಿ ವೋಲ್ಟೇಜ್ ನೋಡು. ಎರಡು ಆಂಪ್‌ನಲ್ಲೂ ನೂರಕ್ಕೆ ಒಂದರಷ್ಟು ಕೂಡ ಫರಕು ಇಲ್ಲದ ಹಾಗೆ ಹೊಂದಿಸು. ಅಗ್ಗದ ಮೀಟರ್ 1000 ಹರ್ಟ್ಝ್‌ನಲ್ಲಿ ಸುಳ್ಳು ಹೇಳಬಹುದು, 400ರಲ್ಲಿ ಪರವಾಗಿಲ್ಲ. ಆಮೇಲೆ ಬೇರೆಯವರ ಕೈಲಿ ವೈರು ಬದಲಿಸಿಕೊಂಡು ಕೇಳು, ಯಾವುದು ಯಾವುದು ಅಂತ ನಿನಗೆ ಗೊತ್ತಾಗದ ಹಾಗೆ. ಕೊಪ್ಪದವರನ್ನೂ ಕರೆ.

ಕಾಫಿ ಹೂವು, ಕೊಪ್ಪ

ಬರುತ್ತೇನೆ. ಕಾಫಿಪುಡಿ ನನ್ನ ಕಡೆಯಿಂದ. ಕಣ್ಣು ಕಟ್ಟಿದರೂ ವಾಲ್ವ್ ಯಾವುದು ಅಂತ ಹೇಳುತ್ತೇನೆ, ನೋಡಿ ಬೇಕಾದರೆ.

ತುಂಗಾತೀರ, ಶಿವಮೊಗ್ಗ

ಎಲ್ಲರೂ ಬನ್ನಿ. ಕೊನೆಯದಾಗಿ ಒಂದೇ ಪ್ರಶ್ನೆ. ಭಾವ ಫೋಟೋ ಕಳಿಸಿದ್ದಾರೆ, ಎಚ್‌ಇ-6 ಕೇಬಲ್ ತುದಿಯಲ್ಲಿ ನಾಲ್ಕು ಪಿನ್ನಿನ ಎಕ್ಸ್‌ಎಲ್‌ಆರ್ (ಗುಂಡನೆಯ ದಪ್ಪ ಕನೆಕ್ಟರ್) ಇದೆ. ಅದನ್ನು ಸ್ಪೀಕರ್ ಟರ್ಮಿನಲ್‌ಗೆ ಹೇಗೆ ಕೊಡುವುದು?

ತೀರ್ಥಹಳ್ಳಿ ಅಕ್ಕ

ಹೆಣ್ಣು ಎಕ್ಸ್‌ಎಲ್‌ಆರ್ ಸಾಕೆಟ್ ಒಂದು ತಗೊಂಡು ನಾಲ್ಕು ವೈರು ಬೆಸುಗೆ ಹಾಕಿ. ಪಿನ್ 1 ಎಡಗಡೆಯ ಪ್ಲಸ್, 2 ಎಡಗಡೆಯ ಮೈನಸ್, 3 ಬಲಗಡೆಯ ಪ್ಲಸ್, 4 ಬಲಗಡೆಯ ಮೈನಸ್. ನಂಬರ್ ಸಾಕೆಟ್ ಮೇಲೆಯೇ ಸಣ್ಣಕ್ಕೆ ಕೆತ್ತಿರುತ್ತದೆ. ಎರಡು ಮೈನಸ್ಸನ್ನು ಯಾವ ಕಾರಣಕ್ಕೂ ಒಟ್ಟು ಸೇರಿಸಬೇಡಿ. ನಿಮ್ಮ ಹಳೆಯ ರಿಸೀವರ್‌ನಲ್ಲಿ ಏನೂ ಆಗದೇ ಇರಬಹುದು, ಆದರೆ ನಾಳೆ ಯಾರಾದರೂ ಅದೇ ವೈರನ್ನು ಈಗಿನ ಕ್ಲಾಸ್ ಡಿ ಬ್ರಿಡ್ಜ್ ಆಂಪ್‌ಗೆ (ಅದರಲ್ಲಿ ಮೈನಸ್ ತುದಿಯಲ್ಲೂ ಸಿಗ್ನಲ್ ಇರುತ್ತದೆ) ಹಾಕಿದರೆ ಆಂಪ್ ಸುಡಬಹುದು. ಅದೇ ಕಾರಣಕ್ಕೆ ಮೂರು ವೈರಿನ ಮಾಮೂಲಿ ಹೆಡ್‌ಫೋನ್ ಪಿನ್‌ಗೆ ಕನ್ವರ್ಟರ್ ಮಾಡಿಕೊಂಡು ಸ್ಪೀಕರ್ ಟರ್ಮಿನಲ್‌ಗೆ ಹಾಕಲೂಬೇಡಿ. ಬೆಸುಗೆ ಆದ ಮೇಲೆ ಪಿನ್ ಪಿನ್ ನಡುವೆ ಶಾರ್ಟ್ ಇಲ್ಲ ಅಂತ ಮಾಮನ ಮೀಟರ್‌ನಲ್ಲಿ ನೋಡಿಕೊಂಡು ಆಮೇಲೆ ಸಿಕ್ಕಿಸಿ.